ಮೈಕ್ರೋವೇವ್ ಹೀರುವ ಮ್ಯಾಗ್ನೆಟೈಟ್ ನ್ಯಾನೊಕಣಗಳ ತಯಾರಿಕೆ ಮತ್ತು ಅಳತೆ

ವಿದ್ಯುತ್ಕಾಂತೀಯ ತರಂಗಗಳನ್ನು ಹೀರುವ ಲೋಹದ ಆಕ್ಸೈಡುಗಳ ಅಧ್ಯಯನಕ್ಕೆ ಮ್ಯಾಗ್ನೆಟೈಟ್ (ಕಬ್ಬಿಣದ ಕಪ್ಪು, ಕಾಂತೀಯ ಆಕ್ಸೈಡ್) ಒಳ್ಳೆಯ ಆರಂಭ; ಅದು ಅಗ್ಗ, ಜೊತೆಗೆ ತರಂಗದ ಶಕ್ತಿಯನ್ನು ಶಾಖವಾಗಿಸುವ ಕಾಂತೀಯ ನಷ್ಟವೂ ವಿದ್ಯುತ್ ನಷ್ಟವೂ ಅದರಲ್ಲಿ ಒಟ್ಟಿಗೇ ನಡೆಯುತ್ತವೆ.

ಫೆರಸ್ ಮತ್ತು ಫೆರಿಕ್ ಕ್ಲೋರೈಡುಗಳನ್ನು 1:2 ಮೋಲಾರ್ ಅನುಪಾತದಲ್ಲಿ, ನೈಟ್ರೋಜನ್ ಹಾಯಿಸಿ ಆಮ್ಲಜನಕವನ್ನು ಹೊರಹಾಕಿದ ನೀರಿನಲ್ಲಿ ಕರಗಿಸಿ, ಜೋರಾಗಿ ಕಲಕುತ್ತಾ, ಪಿಎಚ್ ಸುಮಾರು 10 ಆಗುವವರೆಗೆ ಅಮೋನಿಯ ದ್ರಾವಣವನ್ನು ಸೇರಿಸಬೇಕು. ಇದು ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲೇ ಆಗಬೇಕಾದ ಕೆಲಸ. ಕಿತ್ತಳೆಗಂದು ದ್ರಾವಣ ನೋಡನೋಡುತ್ತಿದ್ದಂತೆ ಕಡುಗಪ್ಪಾಗುತ್ತದೆ. ಬೀಕರಿನ ತಳಕ್ಕೆ ಆಯಸ್ಕಾಂತ ಹಿಡಿದರೆ ಕಣಗಳು ಕೆಳಗೆ ಕೂರುತ್ತವೆ. ಮೇಲಿನ ತಿಳಿಯನ್ನು ಬಸಿದು, ನೀರು ಮತ್ತು ಎಥನಾಲ್‌ನಿಂದ ತೊಳೆದು, ನಿರ್ವಾತ ಓವನ್ನಿನಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಬೇಕು. ಅವಸರಪಟ್ಟು ತೆರೆದ ಗಾಳಿಯಲ್ಲಿ ಹೆಚ್ಚು ಕಾಯಿಸಿದರೆ ಪುಡಿ ಕಂದು ಬಣ್ಣಕ್ಕೆ ತಿರುಗಿ, ಇನ್ನಷ್ಟು ಉತ್ಕರ್ಷಣಗೊಂಡ ಕಬ್ಬಿಣದ ಆಕ್ಸೈಡ್ ಆದ ಮ್ಯಾಗ್ಹೆಮೈಟ್ ಆಗುತ್ತದೆ.

ಪುಡಿಯನ್ನು ಕರಗಿದ ಪ್ಯಾರಾಫಿನ್ ಮೇಣದಲ್ಲಿ ಸಮನಾಗಿ ಬೆರೆಸಿ, 7 ಮಿ.ಮೀ. ಹೊರವ್ಯಾಸ ಮತ್ತು 3.04 ಮಿ.ಮೀ. ಒಳವ್ಯಾಸದ ಉಂಗುರವಾಗಿ ಅಚ್ಚೊತ್ತಿ, ಮಾದರಿಯಿಂದ ಮರಳುವ ಮತ್ತು ಅದನ್ನು ದಾಟುವ ತರಂಗಗಳನ್ನು ಅಳೆಯುವ ವೆಕ್ಟರ್ ನೆಟ್‌ವರ್ಕ್ ಅನಲೈಸರ್‌ಗೆ ಜೋಡಿಸಿದ ಕೋಆಕ್ಸಿಯಲ್ ಹೋಲ್ಡರಿನಲ್ಲಿಟ್ಟು 2ರಿಂದ 18 ಗಿಗಾಹರ್ಟ್ಸ್‌ವರೆಗೆ ಅಳೆಯಬೇಕು. ಉಂಗುರದ ಸುತ್ತ ಕೂದಲೆಳೆಯಷ್ಟು ಸಂದು ಉಳಿದರೂ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಪ್ರಮಾಣ) ಇರುವುದಕ್ಕಿಂತ ಕಡಿಮೆ ಕಾಣಿಸುತ್ತದೆ. ಬಳಿಕ ದಪ್ಪವನ್ನು ಬದಲಿಸುತ್ತಾ ಪ್ರತಿಫಲನ ನಷ್ಟವನ್ನು, ಅಂದರೆ ಹಿಂದೆ ಲೋಹದ ತಗಡಿರುವ ಪದರದಿಂದ ಎಷ್ಟು ಶಕ್ತಿ ಮರಳುತ್ತದೆ ಎಂಬುದನ್ನು, ಲೆಕ್ಕಹಾಕಬೇಕು. −10 ಡೆಸಿಬಲ್ ಎಂದರೆ ಬಿದ್ದ ಶಕ್ತಿಯಲ್ಲಿ ಶೇ. 90ರಷ್ಟು ಹೀರಲ್ಪಟ್ಟಿದೆ ಎಂದರ್ಥ. ಒಂದೇ ಆವರ್ತನದಲ್ಲಿ ಸಿಕ್ಕ −50 ಡೆಸಿಬಲ್‌ಗಿಂತ, −10ರ ಕೆಳಗೆ ಇಳಿದ ಆವರ್ತನ ಪಟ್ಟಿ ಎಷ್ಟು ಅಗಲವಾಗಿದೆ ಎಂಬುದೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ.