ಬೈಬಲ್ ಹಂಚಿಕೆ ಗುಂಪನ್ನು ನಾನು ನಡೆಸುವ ಬಗೆ

ಚರ್ಚಿನ ಭಾನುವಾರದ ಪೂಜೆಯಲ್ಲಿ ಪಕ್ಕದಲ್ಲಿ ಕೂರುವವರ ಹೆಸರು ಕೂಡ ಗೊತ್ತಿಲ್ಲದೆ ವರ್ಷಗಳು ಕಳೆದುಬಿಡುತ್ತವೆ. ದೊಡ್ಡ ಧರ್ಮಕೇಂದ್ರಗಳಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಕ್ಯಾಥೋಲಿಕರ ಸಮುದಾಯಗಳಲ್ಲಿ, ಇದು ಮಾಮೂಲು. ನಮ್ಮಲ್ಲಿ ಮನೆಮನೆಗಳಲ್ಲಿ ಸೇರಿ ಬೈಬಲ್ ಓದಿ, ಅನ್ನಿಸಿದ್ದನ್ನು ಹಂಚಿಕೊಳ್ಳುವ ಕಿರು ಗುಂಪುಗಳು ಶುರುವಾದದ್ದು ಇದೇ ಕಾರಣಕ್ಕೆ. ಒಂದು ಗುಂಪನ್ನು ನಡೆಸುವ ಹೊಣೆ ನನಗೆ ಬಂತು.

ನಾನು ಹಿಡಿದದ್ದು ದಕ್ಷಿಣ ಆಫ್ರಿಕಾದ ಲುಮ್ಕೊ ಎಂಬ ಕ್ಯಾಥೋಲಿಕ್ ತರಬೇತಿ ಸಂಸ್ಥೆಯಿಂದ ಬಂದ ಏಳು ಹೆಜ್ಜೆಗಳ ವಿಧಾನ. ಪ್ರಭುವನ್ನು ಕರೆಯುವುದು, ವಾಕ್ಯ ಓದುವುದು, ಮನಸ್ಸಿಗೆ ತಾಗಿದ ಮಾತನ್ನು ಎತ್ತಿ ಹೇಳುವುದು, ಮೌನ, ಹಂಚಿಕೆ, ನಾವು ಮಾಡಬೇಕಾದ ಕೆಲಸ, ಕೊನೆಗೆ ಪ್ರಾರ್ಥನೆ. ಬರುವ ಭಾನುವಾರದ ಪೂಜೆಯಲ್ಲಿ ಓದುವ ಶುಭಸಂದೇಶದ (ಯೇಸುವಿನ ಬದುಕನ್ನು ಹೇಳುವ ಬೈಬಲ್ ಪುಸ್ತಕಗಳ) ಭಾಗವನ್ನೇ ಓದುತ್ತೇವೆ. ಆಗ ಪೂಜೆಯಲ್ಲಿ ಅದೇ ವಾಕ್ಯ ಹೊಸದಾಗಿ ಕೇಳಿಸುತ್ತದೆ.

ನನಗೆ ಮೂರನೇ ಹೆಜ್ಜೆ ಬಹಳ ಇಷ್ಟ. ಒಬ್ಬರು ಒಂದೆರಡು ಪದಗಳನ್ನು ಮೂರು ಸಲ ನಿಧಾನವಾಗಿ ಹೇಳುತ್ತಾರೆ, ನಡುವೆ ಸ್ವಲ್ಪ ಸುಮ್ಮನಿರುತ್ತೇವೆ. ವಿವರಣೆ ಬೇಡ. ಲೂಕನ ಶುಭಸಂದೇಶದ 24ನೇ ಅಧ್ಯಾಯದ ಎಮ್ಮಾವುಸ್ ದಾರಿಯ ಕಥೆ (ಯೇಸು ಸತ್ತ ಮೇಲೆ ನಿರಾಶರಾಗಿ ಹೊರಟ ಇಬ್ಬರು ಶಿಷ್ಯರಿಗೆ, ಪುನರುತ್ಥಾನಗೊಂಡ ಯೇಸುವೇ ಗುರುತು ಸಿಗದಂತೆ ಜೊತೆಯಾದ ಕಥೆ) ಓದಿದ ದಿನ, ಹೆಚ್ಚಿನವರು 'ನಮ್ಮ ಜೊತೆಯಲ್ಲೇ ಇರಿ' ಅನ್ನುವುದನ್ನು ಆರಿಸಿಕೊಂಡರು. ಯಾವಾಗಲೂ ಬಾಯಿ ಬಿಡದ ಒಬ್ಬ ಅಕ್ಕ ಮಾತ್ರ 'ನಾವು ನಂಬಿಕೊಂಡಿದ್ದೆವು' ಅಂದರು. ಶಿಷ್ಯರ ಸೋಲೆಲ್ಲ ಆ ಮಾತಿನಲ್ಲಿದೆ ಅಲ್ವಾ? ಆಮೇಲೆ ಅವರು ಹಂಚಿಕೊಂಡದ್ದನ್ನು ಇಲ್ಲಿ ಬರೆಯುವಂತಿಲ್ಲ. ಗುಂಪಿನ ಮಾತು ಗುಂಪಿನಲ್ಲೇ ಉಳಿಯಬೇಕು ಅನ್ನುವುದು ನಮ್ಮ ಮೊದಲ ನಿಯಮ.

ಕಷ್ಟ ಇರುವುದು ಐದನೇ ಹೆಜ್ಜೆಯಲ್ಲಿ. ಬೈಬಲ್ ಚೆನ್ನಾಗಿ ಓದಿಕೊಂಡವರು ಪ್ರಸಂಗ (ಉಪದೇಶ) ಶುರು ಮಾಡುತ್ತಾರೆ. 'ನಾವು ಕ್ಷಮಿಸಬೇಕು' ಅಂದಾಗ ನಾನು, 'ನಿಮಗೆ ಏನನ್ನಿಸಿತು, ಅಣ್ಣಾ?' ಎಂದು ಕೇಳುತ್ತೇನೆ. 'ನಾವು' ಹೋಗಿ 'ನಾನು' ಬಂದರೆ ಅರ್ಧ ಕೆಲಸ ಆದ ಹಾಗೆ. ಒಬ್ಬರ ಹಂಚಿಕೆಗೆ ಇನ್ನೊಬ್ಬರು ಬುದ್ಧಿ ಹೇಳುವಂತಿಲ್ಲ. ಬೋಧನೆಯ ಬಗ್ಗೆ ಪ್ರಶ್ನೆ ಬಂದರೆ ಬರೆದಿಟ್ಟು ಫಾದರ್ ಹತ್ತಿರ ಆಮೇಲೆ ಕೇಳುತ್ತೇವೆ. ಫಾದರ್ ಬಂದರೂ ಎಲ್ಲರಂತೆ ಒಬ್ಬರಾಗಿ ಕೂರುತ್ತಾರೆ, ಕೊನೆಯಲ್ಲಿ ಅವರದೂ ಪ್ರಸಂಗ ಇಲ್ಲ!

ಆರನೇ ಹೆಜ್ಜೆಯನ್ನು ಹಾರಿಸುವ ಗುಂಪುಗಳು ಜಾಸ್ತಿ. ಅದು ಬಿಟ್ಟುಹೋದರೆ ಉಳಿಯುವುದು ಹಿತವಾದ ಹರಟೆ ಅಷ್ಟೇ ಅಂತ ನನ್ನ ಅನಿಸಿಕೆ. 'ರೋಗಿಗಳಿಗಾಗಿ ಏನಾದರೂ ಮಾಡೋಣ' ಅಂದರೆ ಆಗುವುದಿಲ್ಲ. ಯಾರು, ಯಾರ ಮನೆಗೆ, ಯಾವತ್ತು ಎಂಬುದು ಅಲ್ಲೇ ತೀರ್ಮಾನವಾಗಬೇಕು. ಮುಂದಿನ ಸಲ ಸೇರಿದಾಗ ಏನಾಯಿತು ಅಂತ ಕೇಳುತ್ತೇನೆ.

ಇಂಥ ಕಿರು ಸಮುದಾಯಗಳು ಸ್ಥಳೀಯ ಧರ್ಮಸಭೆಯಿಂದ (ಚರ್ಚ್‌ನಿಂದ) ದೂರವಾಗಬಾರದು, ತಾವೇ ಎಲ್ಲ ಅಂದುಕೊಳ್ಳಬಾರದು ಎಂದು ಪೋಪ್ ಆರನೇ ಪೌಲ್ 1975ರಲ್ಲೇ ಎಚ್ಚರಿಸಿದ್ದರು. ಆಪ್ತತೆ ಬೆಳೆದಂತೆ ಹೊಸಬರಿಗೆ ಬಾಗಿಲು ಮುಚ್ಚುವುದು ಸುಲಭ. ಅದಕ್ಕೇ ಹನ್ನೆರಡು ಜನ ದಾಟಿದರೆ ಗುಂಪನ್ನು ಎರಡು ಮಾಡುತ್ತೇವೆ. ಯಾರಿಗೂ ಇಷ್ಟವಿರುವುದಿಲ್ಲ, ಗೊಣಗಾಟ ಇದ್ದೇ ಇರುತ್ತದೆ. ಹೊಸ ಗುಂಪಿಗೆ ನಡೆಸುವವರು ಬೇಕಲ್ಲ, ಹಾಗಾಗಿ ಮೊದಲಿನಿಂದಲೇ ಸರದಿಯ ಮೇಲೆ ಒಬ್ಬೊಬ್ಬರ ಕೈಗೆ ಸಭೆ ಒಪ್ಪಿಸಿ ನಾನು ಪಕ್ಕದಲ್ಲಿ ಕೂರುತ್ತೇನೆ.