ನೈಟ್ ಡ್ಯೂಟಿಯೊಳಗ ಕುಮಾರವ್ಯಾಸ, ರೆಂಬ್ರಾಂಟ್: ನನ್ನ ಅನುಭವ

ಕಲಬುರಗಿಯೊಳಗ ಒಂದು ದವಾಖಾನಿ ಎದುರಿನ ಮೆಡಿಕಲ್‌ನಾಗ ನಂದು ನೈಟ್ ಡ್ಯೂಟಿ. ಹನ್ನೊಂದರ ಮ್ಯಾಲ ಗಿರಾಕಿ ಕಮ್ಮಿ, ಎಮರ್ಜೆನ್ಸಿ ಬಂದ್ರ ಓಡಾಟ, ಇಲ್ಲಂದ್ರ ಮೊಬೈಲೇ ಗತಿ. ನಾ ಓದಿದ್ದು ಡಿ.ಫಾರ್ಮಾ, ಸಾಹಿತ್ಯ ಗೀಹಿತ್ಯ ಹತ್ತನೇ ಕ್ಲಾಸಿಗೇ ಬಿಟ್ಟಿದ್ದು. ಈಗ ಯೂಟ್ಯೂಬ್‌ನಾಗ ಫುಕಟ್ ಸಿಗೋದ್ರಾಗೇ ಕುಮಾರವ್ಯಾಸ ಕೇಳ್ತೀನಿ, ಚಿತ್ರಕಲಾ ನೋಡ್ತೀನಿ. ಹೆಂಗ ಸುರು ಮಾಡ್ಬೇಕಂತ ದೋಸ್ತರು ಕೇಳ್ಲಾಕತ್ತಾರ, ಅದಕ್ಕ ಬರೀಲಾಕತ್ತೀನಿ.

ಒಂದೇ ಮಾತು ಹೇಳ್ತೀನಿ, ಅರ್ಥ ಹೇಳೋ ವಿಡಿಯೋ ಮೊದ್ಲಿಗಿ ನೋಡಬ್ಯಾಡ್ರಿ. ಹತ್ತು ನಿಮಿಷದಾಗ ಪೂರಾ ಮಹಾಭಾರತ ಅಂತ ಇರ್ತಾವಲ್ಲ, ಅದ್ರಾಗ ಕಥಿ ಸಿಗ್ತದ, ಕಥಿ ಯಾರಿಗಿ ಗೊತ್ತಿಲ್ರಿ? ಕುಮಾರವ್ಯಾಸನ ಮಜಾ ಇರೋದು ಅಂವ ಹೇಳೋ ರೀತಿಯೊಳಗ, ಅದು ಕಿವಿಗಿ ಬೀಳ್ಬೇಕಂದ್ರ ಗಮಕ ಕೇಳ್ಬೇಕು. ಒಬ್ಬರು ಪದ್ಯ ರಾಗದಾಗ ಓದ್ತಾರ, ಇನ್ನೊಬ್ಬರು ವ್ಯಾಖ್ಯಾನ ಮಾಡ್ತಾರ. ನಮ್ಮ ಕಡಿ ಶ್ರಾವಣದಾಗ ಮಠದಾಗ ಪುರಾಣ ಕೇಳಿ ಬೆಳದವ್ರಿಗಿ ಇದೇನು ಹೊಸಾದು ಅನಸಲ್ಲ. ಶಿವಮೊಗ್ಗ ಕಡಿ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗಿ 2022ರಾಗ ಪದ್ಮಶ್ರೀ ಬಂತು ನೋಡ್ರಿ, ಗಮಕಕ್ಕೇ ಬಂದದ್ದು ಅದು.

ಬುಕ್ ಹಿಡದು ನಾವೇ ಓದಿದ್ರ ಸಂಧಿ ಎಲ್ಲಿ ಒಡೀಬೇಕು ಗೊತ್ತಾಗಲ್ಲ, ನಾಲ್ಕು ಶಬ್ದ ಒಂದಕ್ಕೊಂದು ಅಂಟಿಕೊಂಡಿರ್ತಾವ, ಗಮಕಿ ಅದನ್ನ ಬಿಡಿಸಿ ಹಾಡ್ತಾರ, ಒಂದು ಸಲಕ್ಕ ಅರ್ಧ ತಿಳೀತದ, ಇನ್ನೊಂದು ಸಲಕ್ಕ ಮತ್ತಷ್ಟು, ಆಮ್ಯಾಲ ವ್ಯಾಖ್ಯಾನಕ್ಕ ಬಂದ್ರ ಉಳಿದಿದ್ದು ತಾನೇ ಬರ್ತದ. ಪಠ್ಯ ವಿಕಿಸೋರ್ಸ್ ಅನ್ನೋ ಫ್ರೀ ವೆಬ್‌ಸೈಟ್‌ನಾಗ ಅದ, ಅದನ್ನ ಕೌಂಟರ್ ಕಂಪ್ಯೂಟರ್‌ನಾಗ ತೆರದಿಟ್ಕೋತೀನಿ. ಕುಮಾರವ್ಯಾಸ ಬರದಿದ್ದು ಭಾಮಿನಿ ಷಟ್ಪದಿಯೊಳಗ, ಅಂದ್ರ ಆರು ಸಾಲಿನ ಪದ್ಯ, ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ (ಅಕ್ಷರ ಹೇಳೋ ಹೊತ್ತಿನ ಅಳತಿ), ಮೂರನೇ ಸಾಲು ಆರನೇ ಸಾಲು ಉದ್ದ. ಕೌಂಟರ್ ಮ್ಯಾಲ ಬೆರಳಿಲೆ ತಾಳ ಹಾಕ್ಕೋತ ಕೇಳ್ರಿ, ಲಗೂ ಹಿಡೀತದ. ಆದಿಪರ್ವದಿಂದ ಸುರು ಮಾಡಬ್ಯಾಡ್ರಿ, ದಣೀತೀರಿ. ವಿರಾಟಪರ್ವದಾಗ ಉತ್ತರಕುಮಾರನ ಭಾಗ ಹಿಡೀರಿ. ಹೆಂಗಸರ ಮುಂದ ಕೂತು ಬಡಾಯಿ ಕೊಚ್ತಾನ, ಕೌರವರ ದಂಡು ಕಂಡಿದ್ದೇ ರಥದಿಂದ ಹಾರಿ ಓಡ್ತಾನ. ಒಮ್ಮೆ ಅದು ನಡದಿತ್ತು, ಅಫಜಲಪುರ ಕಡಿಯ ಒಬ್ಬ ಮುತ್ಯಾ ಗುಳಗಿ ತಗೊಳ್ಳಾಕ ಬಂದಾಂವ ನಿಂತೇ ಬಿಟ್ಟ, "ಏ ತಮ್ಮಾ, ಬಂದ್ ಮಾಡಬ್ಯಾಡೋ, ಮುಂದ ಏನಾತದ ನೋಡಮು" ಅಂದ. ಅಕ್ಷರ ಬರಲ್ಲ ಅಂವಗ, ನನಕಿಂತ ಮೊದ್ಲು ನಕ್ಕಿದ್ದು ಅಂವನೇ.

ಚಿತ್ರಕ್ಕೂ ಇದೇ ಪದ್ಧತಿ. ಮೊದ್ಲು ಸೌಂಡ್ ಬಂದ್ ಮಾಡಿ ಚಿತ್ರ ಬಂದಾಗ ವಿಡಿಯೋ ನಿಲ್ಲಿಸಿ ಸುಮ್ನ ನೋಡ್ತೀನಿ, ಬೆಳಕು ಯಾ ಕಡಿಂದ ಬರ್ತದ, ಯಾರು ಯಾರನ್ನ ನೋಡ್ಲಾಕತ್ತಾರ ಅಂತ. ಆಮ್ಯಾಲ ಮಾತು ಕೇಳೋದು. ಸ್ಮಾರ್ಟ್‌ಹಿಸ್ಟರಿ ಅಂತ ಒಂದು ಚಾನೆಲ್ ಅದ, ಇಬ್ರು ಚಿತ್ರದ ಮುಂದ ನಿಂತು ಮಾತಾಡ್ತಾರ, ಅವರ ಮಾರಿ ಕಾಣಲ್ಲ, ಬರೀ ಚಿತ್ರ ಕಾಣ್ತದ, ನನಗ ಅದೇ ಭಾಳ ಸೇರ್ತದ. ಇಂಗ್ಲಿಷ್ ಫಾಸ್ಟ್ ಅನಿಸಿದ್ರ ಸ್ಪೀಡ್ 0.75 ಇಡ್ರಿ.

ಮೊಬೈಲ್‌ನಾಗ ಒಂದು ಮೋಸ ಅದ, ಎಲ್ಲಾ ಚಿತ್ರ ಒಂದೇ ಸೈಜ್ ಕಾಣ್ತಾವ. ಡಚ್ ಪೇಂಟರ್ ವರ್ಮೀರ್‌ನ ಹಾಲು ಸುರಿಯೋ ಹೆಣ್ಮಗಳ ಚಿತ್ರ ಖರೇ ಒಂದೂವರಿ ಫೂಟಿನಷ್ಟೇ ಅದ, ಇನ್ನೊಬ್ಬ ಡಚ್ ಪೇಂಟರ್ ರೆಂಬ್ರಾಂಟ್‌ನ 1642ರ ನೈಟ್ ವಾಚ್ ಅನ್ನೋ ಚಿತ್ರ ಹದಿನೈದು ಫೂಟಿನಷ್ಟು ಅಗಲ, ನಮ್ಮ ಅಂಗಡಿ ಶಟರ್‌ಗಿಂತ ದೊಡ್ಡದು! ಎರಡೂ ಇರೋದು ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂದಾಗ, ಅವರ ವೆಬ್‌ಸೈಟ್‌ನಾಗ ದೊಡ್ಡ ಫೋಟೋ ಫ್ರೀ ಸಿಗ್ತದ. ಸೈಜ್ ಮೊದ್ಲು ಹುಡುಕಿ ನೋಡ್ರಿ, ಚಿತ್ರಾನೇ ಬ್ಯಾರೆ ಆತದ.

ಈ ರೆಂಬ್ರಾಂಟ್ ಹಾಲೆಂಡ್ ಬಿಟ್ಟು ಹೊರಗ ಹೋಗಿದಾಂವ ಅಲ್ಲ, ಆದ್ರ 1650ರ ದಶಕದ ಕೊನಿಗಿ ಮೊಗಲ್ ಚಿತ್ರ ಎದುರಿಗಿ ಇಟ್ಕೊಂಡು ಜಹಾಂಗೀರ, ಶಹಾಜಹಾನರನ್ನ ತಾನೂ ಬರದಾನ. ಅದನ್ನ ನೋಡಿ ಹುಡುಕ್ಕೋತ ಹೋದ್ರ ನಮ್ಮ ಬಾಜೂ ಬಿಜಾಪುರ ಬಂತು. ಹಾರ್ಲೆಮ್ ಊರಿನ ಕಾರ್ನೆಲಿಸ್ ಹೇಡಾ ಅನ್ನೋ ಡಚ್ ಪೇಂಟರ್ ಎರಡನೇ ಇಬ್ರಾಹಿಂ ಆದಿಲ್‌ಶಾಹನ ದರ್ಬಾರದಾಗ ಕೆಲಸಕ್ಕಿದ್ನಂತ! ಶಾಲಿಯೊಳಗ ಗೋಲಗುಂಬಜ್ ಟ್ರಿಪ್ ಮಾಡಸ್ತಾರ, ಇದನ್ನ ಯಾರೂ ಹೇಳಲ್ಲ.

ಊರಾಗಿಂದೂ ಹಂಗೇ. ಎಸ್.ಎಂ. ಪಂಡಿತ್ ರಂಗಮಂದಿರದಾಗ ಎಷ್ಟ್ ಫಂಕ್ಷನ್ ನೋಡೀವಿ, ಆ ಪಂಡಿತರು 1916ರಾಗ ಇಲ್ಲೇ ಹುಟ್ಟಿ ಬಾಂಬೇದಾಗ ಸಿನಿಮಾ ಪೋಸ್ಟರ್, ಕ್ಯಾಲೆಂಡರಿನ ದೇವರ ಚಿತ್ರ ಬರದು ದೇಶಕ್ಕೆಲ್ಲ ಹೆಸರಾದವ್ರು ಅಂತ ನನಗ ತಿಳಸಿದ್ದು ಒಂದು ವಿಡಿಯೋ. ಕವಿರಾಜಮಾರ್ಗದ ಉಪನ್ಯಾಸ ಕೇಳಿದ ಮ್ಯಾಲ ಸೇಡಂ ಬಸ್ ಹತ್ತಿ ಮಳಖೇಡಕ್ಕ ಹೋಗಿ ಬಂದೆ. ನೃಪತುಂಗನ ರಾಜಧಾನಿ, ಕಾಗಿಣಾ ದಂಡಿ ಮ್ಯಾಲ ಕೋಟಿ ಗ್ವಾಡಿ ಇನ್ನಾ ಅವ, 850ರ ಸುಮಾರಿಗಿ ಶ್ರೀವಿಜಯ ಕವಿರಾಜಮಾರ್ಗ ಬರದದ್ದು ಆ ರಾಜನ ಆಸ್ಥಾನದಾಗ. ಹೋಗೋದಿದ್ರ ಉಪನ್ಯಾಸ ಕೇಳೇ ಹೋಗ್ರಿ, ಇಲ್ಲಂದ್ರ ಬರೀ ಕಲ್ಲು ಕಾಣ್ತಾವ.

ಈಗ ಪಂಪಭಾರತ ಹಿಡದೀನಿ. 941ರ ಹಳಗನ್ನಡ, ಗದ್ಯ-ಪದ್ಯ ಕೂಡಿದ ಚಂಪೂ, ಭಾಳ ಗಟ್ಟಿ ಅದ, ಒಂದು ರಾತ್ರಿಗಿ ಎರಡು ಪದ್ಯ ಆದ್ರ ದೊಡ್ಡ ಮಾತು. ಯಾರಿಗರೆ ಅದರ ಪೂರಾ ವಾಚನ-ವ್ಯಾಖ್ಯಾನ ಒಂದೇ ಕಡಿ ಸಿಕ್ಕಿದ್ರ ನನಗೂ ತಿಳಸ್ರಿ.