ಎಸಿ ಗಾಳಿ ಮುಖ ಬಿಟ್ಟು ಗಾಜಿಗೆ ಹೋಗುತ್ತಿದ್ದರೆ: ಹಳೆ ಜೀಪ್ ಚೆರೋಕಿಯ ವ್ಯಾಕ್ಯೂಮ್ ರಿಪೇರಿ

ಏರು ಹತ್ತಲು ಆಕ್ಸಿಲರೇಟರ್ ಒತ್ತಿದ ತಕ್ಷಣ ಮುಖಕ್ಕೆ ಬರುತ್ತಿದ್ದ ತಂಪು ಗಾಳಿ ನಿಂತು, ಮುಂದಿನ ಗಾಜಿನ ಬುಡದಿಂದ ಬರತೊಡಗುತ್ತದೆ. ಕಾಲು ತೆಗೆದರೆ ಮತ್ತೆ ಮುಖಕ್ಕೆ ಬರುತ್ತದೆ. ಅಮೆರಿಕದಲ್ಲಿ 1984ರಿಂದ 2001ರವರೆಗೆ ಬಂದ ಜೀಪ್ ಚೆರೋಕಿ ಎಕ್ಸ್‌ಜೆ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ಕಾಟ. ಎಸಿ ಗ್ಯಾಸ್ ತುಂಬಿಸಲು ಓಡಬೇಡಿ. ಗಾಜಿನ ಬುಡದಲ್ಲಿ ಬರುವ ಗಾಳಿ ತಣ್ಣಗಿದ್ದರೆ ಕಂಪ್ರೆಸರ್ ಮತ್ತು ಗ್ಯಾಸ್ ತಮ್ಮ ಕೆಲಸ ಮಾಡುತ್ತಿವೆ ಎಂದರ್ಥ. ಕೈಕೊಟ್ಟಿರುವುದು ಗಾಳಿಯ ದಿಕ್ಕು ಬದಲಿಸುವ ವ್ಯಾಕ್ಯೂಮ್.

ಈ ಗಾಡಿಯಲ್ಲಿ ಗಾಳಿಯ ದಾರಿ ಬದಲಿಸುವ ಬಾಗಿಲುಗಳನ್ನು ಎಳೆಯುವುದು ಇಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್‌ನ (ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ) ಹೀರುವಿಕೆ, ಅಂದರೆ ವ್ಯಾಕ್ಯೂಮ್. ಐಡಲ್‌ನಲ್ಲಿ ಅದು ಪಾದರಸದ 17ರಿಂದ 21 ಇಂಚು ಇರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಆ ಹೊತ್ತಿಗೆಂದೇ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಚೆಕ್ ವಾಲ್ವ್ ಮತ್ತು ವ್ಯಾಕ್ಯೂಮ್ ಕೂಡಿಟ್ಟುಕೊಳ್ಳುವ ಪ್ಲಾಸ್ಟಿಕ್ ಚೆಂಡು ಇರುತ್ತವೆ. ವ್ಯಾಕ್ಯೂಮ್ ಪೂರ್ತಿ ಹೋದರೆ ಸ್ಪ್ರಿಂಗ್ ಬಾಗಿಲನ್ನು ಡಿಫ್ರಾಸ್ಟ್ (ಗಾಜಿನ) ಕಡೆಗೆ ತಳ್ಳುತ್ತದೆ. ಇದು ಬೇಕೆಂದೇ ಮಾಡಿದ ವ್ಯವಸ್ಥೆ: ಏನೇ ಕೆಟ್ಟರೂ ಗಾಜಿನ ಮಂಜು ಕರಗಬೇಕು.

ಬಿಚ್ಚುವ ಮೊದಲು ಲಕ್ಷಣ ನೋಡಿಕೊಳ್ಳಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಯಾವ ಮೋಡ್‌ಗೆ ಹಾಕಿದರೂ ಯಾವಾಗಲೂ ಗಾಜಿಗೇ ಗಾಳಿ ಬಂದರೆ ಮೂಲದ ಪೈಪ್ ಕಳಚಿದೆ ಇಲ್ಲವೇ ತುಂಡಾಗಿದೆ. ಏರಿನಲ್ಲಿ ಮಾತ್ರ ತಪ್ಪಿದರೆ ಚೆಕ್ ವಾಲ್ವ್, ಚೆಂಡು ಅಥವಾ ಅವುಗಳ ಆಚೆ ಎಲ್ಲೋ ಸಣ್ಣ ಸೋರಿಕೆ. ಒಂದೇ ಮೋಡ್‌ನಲ್ಲಿ ಡ್ಯಾಶ್ ಒಳಗೆ 'ಸುಯ್' ಎಂದರೆ ಆ ಮೋಡ್‌ನ ಆಕ್ಚುಯೇಟರ್‌ನ (ಬಾಗಿಲು ಎಳೆಯುವ ಡಬ್ಬಿಯ) ರಬ್ಬರ್ ಪೊರೆ ಹರಿದಿರಬಹುದು. ಎಲ್ಲ ಮೋಡ್‌ನಲ್ಲೂ ಅದೇ ಸದ್ದಾದರೆ ಮೋಡ್ ಸ್ವಿಚ್ ಅಥವಾ ಅದರ ಹಿಂದಿನ ಕನೆಕ್ಟರ್. ಕ್ರೂಸ್ ಕಂಟ್ರೋಲ್ ಕೂಡ ಏರಿನಲ್ಲಿ ಕೈಬಿಡುತ್ತಿದೆಯೇ? ಅದಕ್ಕೂ ಇದೇ ಚೆಂಡಿನ ವ್ಯಾಕ್ಯೂಮ್ ಬೇಕು. ಎರಡೂ ಒಟ್ಟಿಗೆ ಕೆಟ್ಟಿದ್ದರೆ ಡ್ಯಾಶ್ ಮುಟ್ಟಲೇಬೇಡಿ, ಬಾನೆಟ್ ಕೆಳಗೇ ಹುಡುಕಿ.

ಬೇಕಾದದ್ದು ಗೇಜ್ ಇರುವ ಒಂದು ಹ್ಯಾಂಡ್ ವ್ಯಾಕ್ಯೂಮ್ ಪಂಪ್ (ಅಮೆರಿಕದ ಹಲವು ಆಟೋ ಪಾರ್ಟ್ಸ್ ಅಂಗಡಿಗಳು ಠೇವಣಿ ಇಟ್ಟುಕೊಂಡು ಕೊಡುತ್ತವೆ), ಒಳವ್ಯಾಸ 1/8 ಇಂಚಿನ ರಬ್ಬರ್ ವ್ಯಾಕ್ಯೂಮ್ ಹೋಸ್ 1 ಮೀಟರ್, ಒಂದು ಟಾರ್ಚ್, ಮತ್ತು ಪೈಪಿನ ಬಾಯಿ ಮುಚ್ಚಲು ಒಂದೆರಡು ಗಾಲ್ಫ್ ಟೀ (ಗಾಲ್ಫ್ ಚೆಂಡು ಇಡುವ ಸಣ್ಣ ಗೂಟ). ನಗಬೇಡಿ, ಈ ಸಣ್ಣ ಪೈಪಿಗೆ ಗಾಲ್ಫ್ ಟೀಗಿಂತ ಒಳ್ಳೆಯ ಬಿರಡೆ ಇಲ್ಲ.

ಇಂಜಿನ್ ಆರಿಸಿ, ತಣ್ಣಗಾಗಲು ಬಿಡಿ. 4.0 ಲೀಟರ್ ಇಂಜಿನ್ನಿನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಮ್ಯಾನಿಫೋಲ್ಡ್‌ಗಳು ಒಂದೇ ಪಕ್ಕದಲ್ಲಿವೆ. ಆ ಕಾವಿಗೆ ಇಪ್ಪತ್ತು ಮೂವತ್ತು ವರ್ಷ ಬೆಂದ ಗಟ್ಟಿ ಪ್ಲಾಸ್ಟಿಕ್ ಪೈಪ್ ಬೆರಳು ತಾಗಿದರೆ ಸಾಕು, ಲಟಕ್ಕೆನ್ನುತ್ತದೆ. ಅದಕ್ಕೇ ಎಳೆಯಬೇಡಿ, ಮ್ಯಾನಿಫೋಲ್ಡ್‌ನಿಂದ ಫೈರ್‌ವಾಲ್‌ವರೆಗೆ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಟಾರ್ಚ್ ಹಿಡಿದು ಕಣ್ಣಲ್ಲೇ ಹಿಂಬಾಲಿಸಿ. ರಬ್ಬರ್ ಮೊಣಕೈ ತಿರುವುಗಳ ಕೆಳಭಾಗದಲ್ಲಿ ಬಿರುಕು ಹೆಚ್ಚು. ಮೇಲಿನಿಂದ ಚೆನ್ನಾಗಿ ಕಾಣುವ ಮೊಣಕೈ ಅಡಿಯಲ್ಲಿ ಬಾಯಿ ಬಿಟ್ಟಿರುತ್ತದೆ.

ಆಮೇಲೆ ಚೆಂಡು. ಅದು ಮುಂದಿನ ಬಂಪರಿನ ಮೂಲೆಯ ಹಿಂದೆ ಅಡಗಿರುತ್ತದೆ. ಹಿಂದಿನ ಮಾಲೀಕರು ಕಬ್ಬಿಣದ ಆಫ್‌ರೋಡ್ ಬಂಪರ್ ಹಾಕಿಸಿದ್ದರೆ ಚೆಂಡನ್ನು ಕಿತ್ತು ಎಸೆದಿರುವ ಸಾಧ್ಯತೆ ಸಾಕಷ್ಟಿದೆ. ಇದ್ದರೆ ಪಂಪ್ ಜೋಡಿಸಿ 15 ಇಂಚಿಗೆ ಎಳೆಯಿರಿ. ಇನ್ನೊಂದು ನಳಿಕೆ ಇದ್ದರೆ ಗಾಲ್ಫ್ ಟೀ ಹಾಕಿ ಮುಚ್ಚಿ. ಒಂದು ನಿಮಿಷ ಗೇಜಿನ ಮುಳ್ಳು ಅಲುಗಬಾರದು. ಹೊಸ ಚೆಂಡು ಸಿಗದಿದ್ದರೆ ಎರಡೂ ತುದಿಗೆ ಕ್ಯಾಪ್ ಅಂಟಿಸಿದ ದಪ್ಪ ಪಿವಿಸಿ ಪೈಪ್‌ಗೆ ನಳಿಕೆ ಕೂರಿಸಿದರೂ ನಡೆಯುತ್ತದೆ.

ಚೆಕ್ ವಾಲ್ವ್ ಪರೀಕ್ಷೆಗೆ ಬಾಯಿಯೇ ಸಾಕು. ಇಂಜಿನ್ ಕಡೆಯ ತುದಿಯಿಂದ ಹೀರಿದರೆ ಗಾಳಿ ಬರಬೇಕು, ಅದೇ ತುದಿಯಿಂದ ಊದಿದರೆ ಹೋಗಬಾರದು. ಎರಡೂ ಕಡೆ ಹರಿದರೆ ಬದಲಿಸಿ. ಹಾಕುವಾಗ ದಿಕ್ಕು ತಪ್ಪಿಸಬೇಡಿ. ಉಲ್ಟಾ ಕೂತ ಹೊಸ ವಾಲ್ವ್, ಕೆಟ್ಟ ಹಳೆಯದಕ್ಕಿಂತ ಹೆಚ್ಚು ತಲೆ ತಿನ್ನುತ್ತದೆ.

ಸೋರಿಕೆ ಹುಡುಕಲು ಸೋಪಿನ ನೀರು ಬಳಿಯುವವರಿದ್ದಾರೆ. ಇಲ್ಲಿ ಗಾಳಿ ಒಳಕ್ಕೆ ಹೋಗುತ್ತದೆ, ಹೊರಕ್ಕಲ್ಲ, ಗುಳ್ಳೆ ಏಳುವುದಿಲ್ಲ. ಏರ್ ಕಂಪ್ರೆಸರ್‌ನಿಂದ ಗಾಳಿ ಊದಿದರೆ ಸರಿ ಇರುವ ಪೊರೆಗಳೂ ಹರಿಯಬಹುದು. ಬಿಸಿ ಎಕ್ಸಾಸ್ಟ್ ಪಕ್ಕ ಕಾರ್ಬ್ ಕ್ಲೀನರ್ ಸಿಂಪಡಿಸುವುದಂತೂ ಬೆಂಕಿಗೆ ಆಹ್ವಾನ. ಪಂಪ್ ಹಾಕಿ ಒಂದೊಂದೇ ಭಾಗವನ್ನು ಮುಚ್ಚಿ ನೋಡುವುದೇ ಸರಿಯಾದ ದಾರಿ.

ಬಾನೆಟ್ ಕೆಳಗೆ ಎಲ್ಲ ಸರಿ ಇದ್ದರೆ ಮಾತ್ರ ಒಳಗೆ ಬನ್ನಿ. ಕಂಟ್ರೋಲ್ ಪ್ಯಾನೆಲ್ ಸ್ಕ್ರೂ ಬಿಚ್ಚಿ ಮುಂದೆಳೆದರೆ ಮೋಡ್ ಸ್ವಿಚ್‌ನ ಹಿಂದೆ ಹಲವು ಪೈಪ್‌ಗಳು ಒಂದೇ ರಬ್ಬರ್ ಕನೆಕ್ಟರ್‌ಗೆ ಸೇರಿರುವುದು ಕಾಣುತ್ತದೆ. ಕನೆಕ್ಟರ್ ಕಳಚಿ, ಮೂಲದ ಪೈಪಿಗೆ ಗೇಜ್ ಹಾಕಿ ಇಂಜಿನ್ ಚಾಲೂ ಮಾಡಿ. ಮ್ಯಾನಿಫೋಲ್ಡ್‌ನಷ್ಟೇ ಓದು ಬಂದರೆ ಅಲ್ಲಿವರೆಗೆ ಸರಿ. ನಂತರ ಉಳಿದ ಪ್ರತಿ ಪೈಪಿಗೂ ಪಂಪ್‌ನಿಂದ 15 ಇಂಚು ಎಳೆಯಿರಿ. ಬಾಗಿಲು ತಿರುಗಿದ ಸದ್ದು ಕೇಳಬೇಕು, ಮುಳ್ಳು ನಿಲ್ಲಬೇಕು. ಮುಳ್ಳು ನಿಲ್ಲದ ಪೈಪ್‌ನ ತುದಿಯಲ್ಲಿರುವ ಆಕ್ಚುಯೇಟರ್‌ಗೆ ನೇರವಾಗಿ ಪಂಪ್ ಹಾಕಿ. ಆಗಲೂ ನಿಲ್ಲದಿದ್ದರೆ ಪೊರೆ ಹೋಗಿದೆ, ನಿಂತರೆ ದೋಷ ಪೈಪಿನಲ್ಲಿದೆ. ಎಲ್ಲ ಪೈಪಿನಲ್ಲೂ ಮುಳ್ಳು ನಿಂತರೆ ಉಳಿಯುವುದು ಸ್ವಿಚ್ಚೇ. ತುಂಡಾದ ಪೈಪಿಗೆ ಟೇಪ್ ಸುತ್ತಬೇಡಿ, ಎರಡು ತುದಿಗಳನ್ನೂ ರಬ್ಬರ್ ಹೋಸ್ ಒಳಗೆ ತೂರಿಸಿ.

ಹೀಟರ್ ಬಾಕ್ಸನ್ನೇ ಇಳಿಸಬೇಕಾದರೆ ಎಸಿ ಲೈನ್ ಬಿಚ್ಚಬೇಕಾಗುತ್ತದೆ. ಅಮೆರಿಕದಲ್ಲಿ ಗ್ಯಾಸನ್ನು ಗಾಳಿಗೆ ಬಿಡುವುದು ಕಾನೂನುಬಾಹಿರ. ಮೊದಲು ಪ್ರಮಾಣಪತ್ರವಿರುವ ಅಂಗಡಿಯಲ್ಲಿ ಅದನ್ನು ತೆಗೆಸಿ.

ಜೋಡಿಸಿದ ಮೇಲೆ ಎಸಿಯನ್ನು ಮುಖದ ವೆಂಟ್‌ಗೆ ಹಾಕಿ, ಇಂಜಿನ್ ಆರಿಸಿ, ಬ್ಲೋವರ್ ಓಡುವಂತೆ ಕೀಲಿಯನ್ನು ಮಾತ್ರ ಆನ್ ಇಡಿ. ಗಾಳಿ ಕೆಲವು ನಿಮಿಷ ಮುಖಕ್ಕೇ ಬರುತ್ತಿದ್ದರೆ ಸೋರಿಕೆ ಮುಚ್ಚಿದೆ. ಕೆಲವೇ ಸೆಕೆಂಡಿನಲ್ಲಿ ಗಾಜಿಗೆ ತಿರುಗಿದರೆ ಚೆಕ್ ವಾಲ್ವ್‌ನಿಂದ ಮತ್ತೆ ಶುರು ಮಾಡಿ.